ಒತ್ತಕ್ಕನ ಕೈ ಇಳಿಯದ ಮಧ್ಯಾಹ್ನ

ಗಂಡಸರ ವಾರ್ಡಿನ ಹೆಡ್ ನರ್ಸಿಗೆ ಬೆನ್ನ ಹಿಂದೆ ಇದ್ದ ಹೆಸರು ಒತ್ತಕ್ಕ. ಬಿಡುವು ಸಿಕ್ಕರೆ ಸಾಕು, ರಬ್ಬರ್ ಗೊಂಬೆಯೊಂದನ್ನು ಮಲಗಿಸಿ, ಡಾಕ್ಟರು, ನರ್ಸು, ಆಯಾ ಎನ್ನದೆ ಎಲ್ಲರಿಂದಲೂ ಅದರ ಎದೆ ಒತ್ತಿಸುವಳು. "ಹೃದಯ ನಿಂತಾಗ ಯೋಚನೆ ಮಾಡ್ತಾ ನಿಂತ್ರೆ, ಆಮೇಲೆ ಅಳೋ ಕೆಲಸ ಒಂದೇ ಉಳಿಯುತ್ತೆ," ಎನ್ನುವಳು.

"ಗೊಂಬೆಗೂ ರಜೆ ಕೊಡಿ ಸಿಸ್ಟರ್, ಪಾಪ," ಎಂದು ಚಿಕ್ಕ ಡಾಕ್ಟರು ನಗಿಸುತ್ತಿದ್ದರು.

ಒಮ್ಮೆ ಅವಳ ಭಾವ, ಅಕ್ಕನ ಗಂಡ, ಹರ್ನಿಯಾ ಆಪರೇಷನ್ ಆಗಿ ಅದೇ ವಾರ್ಡಿನಲ್ಲಿದ್ದರು. ಅಪ್ಪ ತೀರಿಕೊಂಡ ಮೇಲೆ ಅವಳನ್ನು ಮನೆಯಲ್ಲಿಟ್ಟುಕೊಂಡು ನರ್ಸಿಂಗ್ ಓದಿಸಿದವರು.

ಊಟದ ತಟ್ಟೆಗಳನ್ನು ಎತ್ತುವ ಹೊತ್ತು. "ಎದೆ ಹಿಂಡಿದ ಹಾಗಾಗ್ತಿದೆ ಕಣಮ್ಮ," ಎಂದರು ಭಾವ. ಇ.ಸಿ.ಜಿ. ಯಂತ್ರ ತರಲು ಹೇಳಿ ಅವಳು ತಿರುಗುವಷ್ಟರಲ್ಲಿ ಅವರ ಕತ್ತು ವಾಲಿತ್ತು. ಅಲುಗಾಡಿಸಿದಳು. ಉತ್ತರವಿಲ್ಲ, ಉಸಿರಿಲ್ಲ. ಗಂಟೆ ಒತ್ತಿ, ಎದೆಯ ಮೇಲೆ ಎರಡೂ ಕೈ ಊರಿದಳು.

ಒತ್ತಲು ಕೈ ಇಳಿಯಲೇ ಇಲ್ಲ. ಕಣ್ಣಿಗೆ ಕಂಡದ್ದು ಭಾವನ ಮುಖ ಮಾತ್ರ.

"ಪಕ್ಕಕ್ಕೆ ಸರೀರಿ ಅಕ್ಕಾ." ಎಲ್ಲರೂ ಗುಬ್ಬಿ ಎಂದು ಕರೆಯುವ ಪುಟ್ಟ ನರ್ಸು ಅವಳನ್ನು ಭುಜದಿಂದ ತಳ್ಳಿ, ಸ್ಟೂಲು ಹತ್ತಿ ಒತ್ತತೊಡಗಿದಳು. ಪಕ್ಕೆಲುಬು ಲಟಕ್ಕೆಂದಿತು. ಅವಳು ನಿಲ್ಲಿಸಲಿಲ್ಲ. ಚಿಕ್ಕ ಡಾಕ್ಟರು ಶಾಕ್ ಕೊಡುವ ಯಂತ್ರದ ಪಟ್ಟಿಗಳನ್ನು ಎದೆಗೆ ಅಂಟಿಸಿದರು.

"ಯಾರೂ ಮುಟ್ಬೇಡಿ."

ದೇಹ ಅದುರಿತು. ಗುಬ್ಬಿ ಬೆವರಿಳಿಸುತ್ತ ಮತ್ತೆ ಒತ್ತಿದಳು, ಸುಸ್ತಾದಾಗ ಆಯಾ ಮುಂದುವರಿಸಿದಳು. ಇನ್ನೊಂದು ಶಾಕ್. ಮತ್ತೆ ಒತ್ತು. ಒತ್ತಕ್ಕ ಗೋಡೆಗೆ ಆತು ನಿಂತಿದ್ದಳು. ಆಮೇಲೆ ಡಾಕ್ಟರ ಬೆರಳು ಕತ್ತಿನ ಮೇಲೆ ನಿಂತಿತು.

"ನಾಡಿ ಬಂತು."

ಭಾವನನ್ನು ಐ.ಸಿ.ಯು.ಗೆ ಸಾಗಿಸಿದಾಗಲೇ ಒತ್ತಕ್ಕನಿಗೆ ಬಾಗಿಲಲ್ಲಿ ತನ್ನ ಅಕ್ಕ ಕಂಡದ್ದು. ಅಷ್ಟೂ ಹೊತ್ತು ಒಬ್ಬಳೇ ನಿಂತು ನೋಡಿದ್ದಳು. "ಒಬ್ರೂ ನನಗೆ ಏನೂ ಹೇಳ್ಲಿಲ್ವಲ್ಲೇ," ಎಂದಳು ಮೆಲ್ಲಗೆ. ಒತ್ತಕ್ಕ ಅವಳನ್ನು ತಬ್ಬಿಕೊಂಡಳು.

ಭಾವ ಚೇತರಿಸಿಕೊಂಡು, "ಯಾವ ಪೈಲ್ವಾನನಮ್ಮ ನನ್ನ ಎದೆ ಮುರಿದಿದ್ದು?" ಎಂದು ಕೇಳಿದರು. ಗುಬ್ಬಿಯನ್ನು ತೋರಿಸಿದರೆ ನಂಬಲಿಲ್ಲ.

ಮುಂದಿನ ತರಬೇತಿಯಲ್ಲಿ ಒತ್ತಕ್ಕ ಎಲ್ಲರ ಎದುರೇ ಹೇಳಿದಳು: "ನಮ್ಮೋರೇ ಆದ್ರೆ ಪಕ್ಕಕ್ಕೆ ಸರೀಬೇಕು. ಸರೀದೆ ಇದ್ರೆ ಗುಬ್ಬಿ ತಳ್ಳಿದ ಹಾಗೆ ತಳ್ಳಿ. ಇನ್ನೊಂದು, ಮನೆಯವರ ಹತ್ರ ಒಬ್ರು ನಿಂತಿರ್ಬೇಕು. ಇವತ್ತು ಯಾರು ನಿಲ್ತೀರಿ?"

ಆ ಸಲ ಯಾರೂ ನಗಲಿಲ್ಲ. ಆಯಾ ಕೈ ಎತ್ತಿದಳು.