ಮೂರನೆಯ ಹಾಡಿನಲ್ಲಿ ನಾನು ತಪ್ಪಾಗಿ ಕೇಳಿದ ಪದ

೧೯೯೭ರಲ್ಲಿ ಕಾರಟಗಿಯ ಒಂದು ಖಾಸಗಿ ಶಾಲೆಯಲ್ಲಿ ನಾನು ಕನ್ನಡ ಕಲಿಸುತ್ತಿದ್ದೆ, ನನ್ನ ಗೆಳತಿ ಇಂಗ್ಲಿಷ್. ರೈಸ್‌ಮಿಲ್ಲಿನ ಹಿಂದೆ ಒಂದೇ ಕೋಣೆಯಲ್ಲಿ ಇಬ್ಬರೂ ಬಾಡಿಗೆಗಿದ್ದೆವು. ಅವಳ ಟೇಪ್‌ರೆಕಾರ್ಡರಿನಲ್ಲಿ ಸದಾ ಒಬ್ಬನೇ ವಿದೇಶಿ ಹಾಡುಗಾರ. ತಾನೇ ಬರೆದ ಹಾಡುಗಳನ್ನು ಗಿಟಾರ್ ಮೀಟುತ್ತ, ಕಟ್ಟೆಯ ಮೇಲೆ ಕೂತು ಕಥೆ ಹೇಳಿದ ಹಾಗೆ ಹಾಡುತ್ತಿದ್ದ. ನನಗೆ ಅರ್ಧ ತಿಳಿಯುತ್ತಿರಲಿಲ್ಲ. ಆದರೂ ಕೆಲವು ಭಾನುವಾರ ಆ ಟೇಪನ್ನು ಆನೆಗೊಂದಿಯ ಹೊಳೆಯ ದಂಡೆಗೂ ಒಯ್ಯುತ್ತಿದ್ದೆವು.

ಶಾಲೆಯಲ್ಲಿ ಇಬ್ಬರಿಗೂ ಬೇಕಾಗಿದ್ದ ಒಂದು ಕಾಯಂ ಹುದ್ದೆ ಬಂತು. ಅವಳಿಗೆ ಹೇಳದೆ ನಾನು ಅರ್ಜಿ ಹಾಕಿದೆ. ಹುದ್ದೆ ನನಗೇ ಆಯಿತು. ಅವಳು ಕೆಲಸ ಬಿಟ್ಟು ಕುಷ್ಟಗಿಗೆ ಹೊರಟಳು. ಟ್ರಂಕು ಕಟ್ಟಿ, ಕ್ಯಾಸೆಟ್ಟೊಂದನ್ನು ನನ್ನ ಕೈಗಿತ್ತು, "ಮೂರನೇ ಹಾಡು ಕೇಳು. ನಾ ಹೇಳೂದೆಲ್ಲಾ ಅದರಾಗ ಐತಿ" ಎಂದಳು.

ಕೇಳಿದೆ. "ರಿವರ್" ಎಂದು ಕೇಳಿಸಿತು. ಹೊಳೆಯ ಹತ್ತಿರ ಬಂದು ಕಾಣುತ್ತೇನೆ ಎಂದು ಅರ್ಥ ಮಾಡಿಕೊಂಡೆ. ಕ್ಷಮಿಸಿದ್ದಾಳೆ, ತಾನಾಗಿ ಬರುತ್ತಾಳೆ! ಹಗುರಾದೆ. ಪ್ರತಿ ದೀಪಾವಳಿಗೆ ಕಾರ್ಡು ಹಾಕಿದೆ. ಉತ್ತರ ಬರಲಿಲ್ಲ. ಬರೆಯಲು ಅವಳು ಮೊದಲಿಂದಲೂ ಸೋಮಾರಿ ಎಂದುಕೊಂಡೆ.

ಹದಿನೈದು ವರ್ಷಗಳ ಮೇಲೆ ಶಿಕ್ಷಕಿಯರೆಲ್ಲ ಸೇರಿ ಅಂಜನಾದ್ರಿ ಹತ್ತಿಳಿದು, ಹನುಮನಹಳ್ಳಿಯ ಒಂದು ಹೋಟೆಲಿನಲ್ಲಿ ಚಹಾಕ್ಕೆ ಕೂತೆವು. ವಿದೇಶಿ ಪ್ರವಾಸಿಗರು ಬರುವ ಜಾಗ. ಸ್ಪೀಕರಿನಿಂದ ಎದೆಗೂಡು ನಡುಗಿಸುವ ಸದ್ದು ಬರುತ್ತಿತ್ತು. ಅದರೊಳಗಿಂದ ಒಂದು ದನಿ ಎದ್ದಿತು, ಮುಳುಗಿತು. ಕೈಯಲ್ಲಿನ ಲೋಟ ನಿಂತುಹೋಯಿತು. ಅದೇ ದನಿ. ಅದೇ ಮೂರನೆಯ ಹಾಡು. ಆದರೆ ಗಿಟಾರಿಲ್ಲ, ಕಥೆಯಿಲ್ಲ, ಯಾರೋ ಹಾಡಿನ ಹೊಟ್ಟೆ ಸೀಳಿದಂತಿತ್ತು.

"ಏನ್ರಿ ಇದು, ಹಾಡು ಹಿಂಗ ಕೆಡಸ್ಯಾರ?" ಎಂದು ಕೂಗಿಯೇಬಿಟ್ಟೆ.

ಮಾಲೀಕರು ನಕ್ಕರು. "ಕೆಟ್ಟಿಲ್ರಿ ಮೇಡಂ. ಹಳೇ ಹಾಡಿನ ಮಾತೆಲ್ಲಾ ತಗದು ಡ್ರಮ್ಮು, ಬೇಸು ಇಟ್ಟಾರ. ರೆಗ್ಗೆ ಅನ್ನೂ ವಿದೇಶಿ ಸಂಗೀತದಾಗ ಇದಕ್ಕ ಡಬ್ ಅಂತಾರ. ಒಂದೊಂದ ಮಾತು ಉಳಿಸಿ ಗುಡ್ಡದಾಗ ಕೂಗಿದಂಗ ತಿರುಗಸ್ತಾರ, ಕೇಳ್ರಿ."

ಉಳಿಸಿದ್ದ ಆ ಮಾತು ಆಗಲೇ ಬಂತು. ನೆವರ್. ನೆವರ್. ನೆವರ್. ಐದಾರು ಸಲ, ದೂರವಾಗುತ್ತ. ರಿವರ್ ಅಲ್ಲ. ಇನ್ನೆಂದೂ ಬಂದು ಕಾಣೆ ಎಂದು ಅವನು ಹಾಡಿದ್ದ. ಅಲ್ಲೇ ಮೇಜಿಗೆ ತಲೆಯಿಟ್ಟೆ. ಜೊತೆಯವರು ಬಿಸಿಲು ಬಡಿದಿದೆಯೆಂದು ನೀರು ಕುಡಿಸಿದರು. ನಾನು ಮಾಡಿದ್ದನ್ನು ಅವಳು ಕ್ಷಮಿಸಿರಲೇ ಇಲ್ಲ. ಇಷ್ಟು ವರ್ಷ ನಾನು ನೆಮ್ಮದಿಯಾಗಿ ಕಾರ್ಡು ಹಾಕುತ್ತಿದ್ದೆ!

ಮುಂದಿನ ಭಾನುವಾರ ಕುಷ್ಟಗಿಯ ಬಸ್ಸು ಹತ್ತಿದೆ. ಬಾಗಿಲು ತೆರೆದವಳ ಕೂದಲು ಅರ್ಧ ನರೆತಿತ್ತು.

"ಅದು ನೆವರ್ ಅಂತ ಐತೇನ?" ನನ್ನ ಬಾಯಿಂದ ಬಂದ ಮೊದಲ ಮಾತು ಅದು.

ಅವಳಿಗೆ ತಿಳಿಯಲು ಒಂದು ಗಳಿಗೆ ಬೇಕಾಯಿತು. "ಮತ್ತ ನೀ ಏನಂತ ಕೇಳಿದ್ದಿ?"

ಹೇಳಿದೆ. ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಅಯ್ಯ ನಮ್ಮವ್ವ! ವರ್ಷಾ ನಿನ್ನ ಕಾರ್ಡು ಬಂದಾಗ ನನಗ ಎದಿ ಝಲ್ ಅಂತಿತ್ತು. ಮಕಕ್ಕ ಹೊಡದಂಗ ಹೇಳಿ ಬಂದರೂ ಶುಭಾಶಯ ಕಳಸ್ತಾಳಲ್ಲ, ಎಂಥಾ ಗಟ್ಟಿ ಹೆಂಗಸು ಅಂತ."

"ಅರ್ಜಿದು ನಿನಗ ಹೇಳಬೇಕಿತ್ತು" ಎಂದೆ.

"ಹೌದು, ಹೇಳಬೇಕಿತ್ತು" ಎಂದಳು. ನಗಲಿಲ್ಲ. ಒಂದು ಪಕ್ಕಕ್ಕೆ ಸರಿದು ನನಗೆ ದಾರಿ ಬಿಟ್ಟಳು.