ಬೇಣದ ಮನೆಗಳಿಗೆ ಮೊದಲು ಹೋದವಳು

ದೇವಕಿ ತವರುಮನೆಗೆ ತಿರುಗಿ ಬಂದಾಗ ಅವಳಿಗಿನ್ನೂ ಮೂವತ್ತಾಗಿರಲಿಲ್ಲ. ಯಲ್ಲಾಪುರದ ಕಡೆ ಕೊಟ್ಟಿದ್ದರು. ಗಂಡ ಕಾಮಾಲೆಯಾಗಿ ತೀರಿಕೊಂಡ. ಮಕ್ಕಳಿರಲಿಲ್ಲ. ಗಂಡನ ಮನೆಯವರು ಹೋಗು ಎನ್ನಲಿಲ್ಲ, ಇರು ಎಂದೂ ಹೇಳಲಿಲ್ಲ. ಅಣ್ಣ ಗೋವಿಂದನೇ ಹೋಗಿ, ಅವಳ ಟ್ರಂಕನ್ನು ಬಸ್ಸಿನ ಮೇಲೆ ಹಾಕಿಸಿ, ಸಿದ್ದಾಪುರದ ಹತ್ತಿರದ ತಮ್ಮ ಊರು ಮನ್ಮನೆಗೆ ಕರೆತಂದ. ಆಮೇಲೆ ಅವನೇ ಅವಳನ್ನು ಸಿರಸಿಗೆ ಟೈಪಿಂಗ್ ಕಲಿಯಲು ಕಳಿಸಿದ. ಗಂಡ ಸತ್ತ ಹೆಂಗಸು ದಿನಾ ಬಸ್ಸಿನಲ್ಲಿ ಓಡಾಡುವುದೇ ಎಂದು ನೆಂಟರು ಗೊಣಗಿದಾಗ "ಓಡಾಡಲಿ, ಬಸ್ಸು ಇಪ್ಪದೇ ಅದ್ಕೆ" ಎಂದು ಬಾಯಿ ಮುಚ್ಚಿಸಿದ. ಮುಂದೆ ಅಣ್ಣ ತಂಗಿಯರ ನಡುವೆ ಆದದ್ದನ್ನು ಕೇಳುವವರು ಇದನ್ನು ಮರೆಯಬಾರದು.

೧೯೯೪ರಲ್ಲಿ ಅವಳಿಗೆ ಸಿದ್ದಾಪುರದ ಒಂದು ವಸತಿ ಸಂಘದಲ್ಲಿ ಕೆಲಸ ಸಿಕ್ಕಿತು. ಸೈಕಲ್ ರಿಪೇರಿ ಅಂಗಡಿಯ ಮಾಳಿಗೆಯ ಮೇಲೆ ಎರಡು ಕೋಣೆ, ಒಂದು ಟೈಪ್‌ರೈಟರ್, ಕೂತರೆ ಕಿರುಗುಟ್ಟುವ ಬೆಂಚು. ಸಂಘ ಕಟ್ಟಿದವರು ಚಂದ್ರಶೇಖರಪ್ಪ ಎಂಬ ನಿವೃತ್ತ ಓವರ್ಸಿಯರ್. ಸಿರಸಿಯ ಮೂಡಲ ಸೀಮೆಯವರು. ನೌಕರಿಯಲ್ಲಿದ್ದಷ್ಟು ದಿನ ರಸ್ತೆ, ಮೋರಿ, ಸಾಹೇಬರ ಬಂಗಲೆ ಕಟ್ಟಿಸಿದ್ದಾಯಿತು, ಇನ್ನು ಮನೆಯಿಲ್ಲದವರಿಗೆ ಮನೆ ಕಟ್ಟಿಸೋಣ ಎಂದು ಹೊರಟವರು. ಮನೆಯಿಲ್ಲದವರು ಎಂದರೆ ಬೀದಿಯಲ್ಲಿ ಮಲಗುವವರಲ್ಲ. ತೋಟದ ಯಜಮಾನರು ಆಳುಗಳಿಗೆ ತಮ್ಮ ಜಾಗದ ಅಂಚಿನಲ್ಲಿ ಕಟ್ಟಿಕೊಳ್ಳಲು ಬಿಟ್ಟ ಗುಡಿಸಲಿಗೆ ನಮ್ಮಲ್ಲಿ ಬಿಡಾರ ಎನ್ನುತ್ತಾರೆ. ಕೆಲಸ ಇರುವ ತನಕ ಬಿಡಾರ. ಕೆಲಸ ಬಿಟ್ಟ ದಿನ ಪಾತ್ರೆ ಪಗಡೆ ಹೊತ್ತುಕೊಂಡು ಹೊರಡಬೇಕು. ಅಂಥವರಿಗೆ ಅವರದೇ ಹೆಸರಿನ ಜಾಗದಲ್ಲಿ ಅವರದೇ ಮನೆ ಆಗಬೇಕೆಂಬುದು ಸಂಘದ ಉದ್ದೇಶ.

ದೇವಕಿ ಮೊದಮೊದಲು ಟೈಪು ಮಾಡುವುದಷ್ಟನ್ನೇ ಮಾಡಿದಳು. ಆಮೇಲೆ ಬಂದವರ ಮಾತು ಕೇಳತೊಡಗಿದಳು. ಅವಳೆದುರು ಕೂತವರು ಬಂದ ಕೆಲಸ ಮುಗಿದರೂ ಏಳುತ್ತಿರಲಿಲ್ಲ. ಅತ್ತೆಯ ಕಾಟ, ಎಮ್ಮೆ ಗಬ್ಬ ಕಳೆದು ಕಂದು ಹಾಕಿದ್ದು, ಎಲ್ಲ ಹೇಳಿ ಮುಗಿಸಿಯೇ ಎದ್ದು ಹೋಗುತ್ತಿದ್ದರು. ಮೂರು ವರ್ಷ ಹೀಗೆ ಕಳೆಯಿತು. ಆಗ ಚಂದ್ರಶೇಖರಪ್ಪನವರಿಗೆ ಲಕ್ವ ಹೊಡೆಯಿತು. ಸಂಘದವರನ್ನೆಲ್ಲ ಸಿರಸಿಯ ತಮ್ಮ ಮನೆಗೆ ಕರೆಸಿಕೊಂಡರು. ಬಾಯಿ ಒಂದು ಕಡೆ ವಾಲಿತ್ತು.

"ಕೂಡ್ರಿ ಎಲ್ಲಾರೂ," ಎಂದು ತಡೆತಡೆದು ಹೇಳಿದರು. "ನನ್ನ ಕೈಲೆ ಇನ್ನ ಆಗೂದಿಲ್ಲ. ದೇವಕಿಯವರ, ನೀವ ನೋಡ್ಕೋರಿ."

ಯಾಕೆ ದೇವಕಿ ಎಂದು ಅವರು ಹೇಳಲಿಲ್ಲ. ಆ ಸ್ಥಿತಿಯಲ್ಲಿ ಅವರನ್ನು ಕೇಳುವ ಮನಸ್ಸು ಯಾರಿಗೂ ಬರಲಿಲ್ಲ. ಕೋಣೆಯ ಮೂಲೆಯಲ್ಲಿ ಜಟ್ಟಪ್ಪ ಕೂತಿದ್ದ. ಸಂಘದ ಮೊದಲ ಮನೆಯ ಪಾಯಕ್ಕೆ ಕಲ್ಲಿಟ್ಟ ಗಾರೆ ಕೆಲಸದವ, ಈಗ ಎಲ್ಲ ಕಟ್ಟಡಗಳ ಮೇಸ್ತ್ರಿ. ಅವನ ಕಣ್ಣಳತೆ ತಪ್ಪಿದ್ದನ್ನು ಕಂಡವರಿಲ್ಲ. ಚಂದ್ರಶೇಖರಪ್ಪನವರ ನಂತರ ತಾನೇ ಎಂದು ಅವನೂ ಎಣಿಸಿದ್ದ, ಉಳಿದವರೂ ಎಣಿಸಿದ್ದರು. ಅವನು ಎದ್ದು ಹೋಗಿ ಅಂಗಳದ ತುದಿಯಲ್ಲಿ ನಿಂತು ಬೀಡಿ ಹಚ್ಚಿದ.

ಮರುದಿನದಿಂದ ಜಟ್ಟಪ್ಪ ದೇವಕಿಯೊಡನೆ ನೇರ ಮಾತು ಬಿಟ್ಟ. ಕೆಲಸ ಬಿಡಲಿಲ್ಲ, ಕೆಲಸದಲ್ಲಿ ಕೊರತೆಯೂ ಮಾಡಲಿಲ್ಲ. ಹೇಳಬೇಕಾದ್ದನ್ನೆಲ್ಲ ಕಚೇರಿಯ ಹುಡುಗಿ ಸೌಮ್ಯಳಿಗೆ ಹೇಳುತ್ತಿದ್ದ. ದೇವಕಿ ಎದುರಿಗೇ ಕೂತಿದ್ದರೂ "ಸೌಮ್ಯ, ಅಕ್ಕೋರಿಗೆ ಹೇಳು, ಮರಳು ಖಾಲಿ ಆಗದೆ" ಎನ್ನುತ್ತಿದ್ದ. ಸೌಮ್ಯ ಒಂದು ದಿನ ತಾಳಲಾರದೆ "ಜಟ್ಟಪ್ಪಣ್ಣ, ಅವ್ರಿಗೂ ಕಿವಿ ಅದೆ" ಎಂದಳು. ಅವನು ಕೇಳಿಸದವನಂತೆ ಮೆಟ್ಟಿಲಿಳಿದು ಹೋದ. ದೇವಕಿ ಅವನನ್ನು ಕರೆದು ಬಯ್ಯಲೂ ಇಲ್ಲ, ಸಮಾಧಾನ ಮಾಡಲೂ ಇಲ್ಲ. ತನ್ನ ಜಾಗದಲ್ಲಿ ಅವನಿರಬೇಕಿತ್ತೋ ಏನೋ ಎಂಬ ಅಳುಕು ಅವಳಿಗೇ ಇತ್ತು.

ಆ ವರ್ಷ ಮನ್ಮನೆಯ ದಾರಿಯ ಒಂದು ಬೇಣದಲ್ಲಿ, ಅಂದರೆ ಹಿಂದೆ ದನ ಮೇಯುತ್ತಿದ್ದ ಹುಲ್ಲುಗಾವಲಿನಲ್ಲಿ, ಪಂಚಾಯ್ತಿ ಕೊಟ್ಟ ಜಾಗದಲ್ಲಿ ಹನ್ನೆರಡು ಮನೆ ಎದ್ದವು. ಕೆಂಪು ಜಂಬಿಟ್ಟಿಗೆ ಕಲ್ಲಿನ ಗೋಡೆ, ಹಂಚಿನ ಮಾಡು, ಹಿಂದೆ ಬಚ್ಚಲು. ಬೇಸಿಗೆಯಲ್ಲಿ ಉದ್ಘಾಟನೆಯಾಯಿತು. ದೊಡ್ಡವರು ಬಂದು ಭಾಷಣ ಮಾಡಿದರು, ಕೀಲಿಕೈ ಹಂಚಿದರು, ಎಲ್ಲರೂ ಅವಲಕ್ಕಿ ತಿಂದು ಚಹಾ ಕುಡಿದರು. ಮರುದಿನ ನೋಡಿದರೆ ಹನ್ನೆರಡೂ ಬಾಗಿಲಿಗೆ ಬೀಗ. ಒಂದು ವಾರವಾಯಿತು, ಎರಡು ವಾರವಾಯಿತು, ಒಬ್ಬರೂ ಒಕ್ಕಲು ಬರಲಿಲ್ಲ. ಜಗಲಿಗಳ ಮೇಲೆ ಆಡು ಮಲಗತೊಡಗಿದವು.

ದೇವಕಿ ಸೌಮ್ಯಳನ್ನು ಕರೆದುಕೊಂಡು ಮನೆ ಸಿಕ್ಕವರ ಬಿಡಾರಗಳಿಗೆ ಹೋದಳು. ಆಷಾಢ ಕಳೀಲಿ ಎಂದರು, ಮಗಳ ಬಾಣಂತನ ಮುಗೀಲಿ ಎಂದರು. ಕೊನೆಗೆ ದೇವಕಿಯ ಅಣ್ಣನ ತೋಟದಂಚಿನ ಬಿಡಾರದಲ್ಲಿ ಹೊನ್ನಿ ನಿಜ ಹೇಳಿದಳು. ಹೊನ್ನಿಯ ಗಂಡನ ಹೆಸರು ಕೆರಿಯ, ಅವನು ಕೊನೆಗೌಡ. ಮರವೇರಿ ಅಡಿಕೆಯ ಕೊನೆ, ಅಂದರೆ ಗೊನೆ, ಇಳಿಸುವವರಿಗೆ ಆ ಹೆಸರು.

"ಅಮ್ಮಾ, ನಿಮ್ಗೆ ಹೆಂಗೆ ಹೇಳದು," ಎಂದಳು ಹೊನ್ನಿ. "ಬೇಣದ ಮನೆಗೆ ಹೋದವ್ರು ಕೆಲ್ಸನೂ ಬೇಣದಲ್ಲೇ ಹುಡಿಕ್ಕಳಿ ಅಂದಾರೆ."

"ಯಾರು ಅಂದಿದ್ದು?"

ಹೊನ್ನಿ ಸೌಮ್ಯಳ ಮುಖ ನೋಡಿದಳು, ನೆಲ ನೋಡಿದಳು. "ಎಲ್ಲಾ ಒಡೇರೂ ಅಂದಾರೆ. ನಮ್ಮ ಒಡೇರೂ ಅಂದಾರೆ."

ನಮ್ಮ ಒಡೇರು ಎಂದರೆ ಗೋವಿಂದ. ದೇವಕಿ ಆ ಮಧ್ಯಾಹ್ನ ಮನೆಗೆ ಬಂದಾಗ ಅಣ್ಣ ಊಟ ಮುಗಿಸಿ ಜಗಲಿಯಲ್ಲಿ ಎಲೆಯಡಿಕೆಯ ಕವಳ ಹಾಕುತ್ತಿದ್ದ. ಅವಳು ಕೈಕಾಲು ತೊಳೆಯದೆ ಅವನೆದುರು ನಿಂತಳು.

"ಅಣ್ಣ, ಬೇಣಕ್ಕೆ ಹೋದ್ರೆ ಕೆಲ್ಸ ಇಲ್ಲೆ ಹೇಳಿ ಕೆರಿಯಂಗೆ ಹೇಳಿದ್ಯ?"

"ಹೇಳಿದ್ದೆ," ಎಂದ ಗೋವಿಂದ. ಮುಚ್ಚಿಡುವ ಮನುಷ್ಯನಲ್ಲ ಅವನು. "ಆನೊಬ್ಬನೇ ಅಲ್ಲ, ಎಲ್ಲರೂ ಹೇಳಿದ್ದ. ಇಂದು ಬಿಡಾರ ಬಿಟ್ಟವ ನಾಳೆ ಕರೆದ್ರೆ ಬತ್ನ? ಕೊನೆ ಕೊಯ್ಯ ಹೊತ್ತಿಗೆ ಆನು ಎಲ್ಲಿ ಹೋಗಿ ಆಳು ಹುಡುಕದು?"

"ಬಿಡಾರ ಕೊಟ್ಟಿದ್ದು ಹೇಳಿ ಮನುಷ್ಯನ್ನೇ ಕಟ್ಟಿ ಹಾಕ್ಲಾಗ್ತ?"

"ಕಟ್ಟಿ ಹಾಕಿದ್ನಿಲ್ಲೆ. ನೆರಳು ಕೊಟ್ಟವನ ಮಾತು ಕೇಳವು, ಅಷ್ಟೇ." ಸುಣ್ಣದ ಡಬ್ಬಿ ಮುಚ್ಚುತ್ತ ಅವನು ಮೆಲ್ಲಗೆ ಸೇರಿಸಿದ: "ನೀನೂ ಅಷ್ಟೇಯ ತಂಗಿ. ಈ ಮನೆಲಿ ಉಂಡು ಈ ಮನೆಗೇ ಅಡ್ಡ ನಿಲ್ಲಡ."

ಅವನು ಸಿಟ್ಟಿನಿಂದ ಹೇಳಿದ್ದರೆ ಅವಳೂ ಸಿಟ್ಟಿನಲ್ಲಿ ಮರೆತುಬಿಡುತ್ತಿದ್ದಳೇನೋ. ಅವನು ಎಂದಿನ ದನಿಯಲ್ಲಿ, ಎಲ್ಲರಿಗೂ ಗೊತ್ತಿರುವ ಸಂಗತಿಯೆಂಬಂತೆ ಹೇಳಿದ್ದ. ಬಸ್ಸಿನ ಮೇಲೆ ಟ್ರಂಕು ಹಾಕಿಸಿ ಕರೆತಂದವನೂ ಇವನೇ, ಈ ಮಾತು ಆಡಿದವನೂ ಇವನೇ. ಎರಡೂ ನಿಜವೆಂದು ದೇವಕಿಗೆ ಗೊತ್ತಿತ್ತು. ಕೆರಿಯನಿಗೂ ತನಗೂ ಇರುವ ಅಂತರ ಎಷ್ಟು ಸಣ್ಣದೆಂದು ಅವಳಿಗೆ ಅರ್ಥವಾದದ್ದು ಆ ಜಗಲಿಯಲ್ಲಿ.

ಮರುದಿನ ಬೆಳಿಗ್ಗೆ ಅವಳು ಅತ್ತಿಗೆಗೆ "ಆನು ಬೇಣದ ಬದಿಗೆ ಹೋಗಿ ಇರ್ತೆ ಅತ್ತಿಗೆ" ಎಂದಳು. ಅತ್ತಿಗೆ ಸೌಟು ಕೆಳಗಿಟ್ಟಳು. ಬೇಡ ಎನ್ನಲಿಲ್ಲ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಒಂದು ಭರಣಿ ಅಪ್ಪೆಮಿಡಿ ಉಪ್ಪಿನಕಾಯಿ, ಎರಡು ತಂಬಿಗೆ, ಒಂದು ಕಂಬಳಿ ತಂದು ಇಟ್ಟಳು. ಗೋವಿಂದ ಗದ್ದೆಯ ಕಡೆ ಹೋದವನು ಅವಳು ಹೊರಡುವ ತನಕ ಬರಲಿಲ್ಲ.

ಹನ್ನೆರಡು ಮನೆಗಳಲ್ಲಿ ಒಂದಕ್ಕೆ ಹೋಗಲು ಅವಳಿಗೆ ಹಕ್ಕಿರಲಿಲ್ಲ. ಅವು ಹೆಸರು ಬಿದ್ದ ಮನೆಗಳು. ಸಾಲಿನ ಕೊನೆಯಲ್ಲಿ ಸಿಮೆಂಟು, ಸಲಿಕೆ ಇಡಲು ಕಟ್ಟಿದ್ದ ಒಂದು ಕೋಣೆ ಇತ್ತು. ಕಿಟಕಿ ಇಲ್ಲ. ಅವಳು ಅದನ್ನು ಗುಡಿಸಿ, ಚೀಲಗಳನ್ನು ಒಂದು ಮೂಲೆಗೆ ಸರಿಸಿ, ಟ್ರಂಕು ಇಟ್ಟಳು. ಸೌಮ್ಯಳಿಗೆ ಗಾಬರಿಯಾಯಿತು. "ಅಕ್ಕೋರೆ, ಇಲ್ಲಿ ನೀವೊಬ್ರೇ ಹೆಂಗೆ ಇರ್ತೀರಿ? ಜನ ಏನಂತಾರೆ?" ಎಂದಳು.

"ಜನ ಬರ್ಲಿ ಅಂತಾನೇ ಇರದು," ಎಂದಳು ದೇವಕಿ. ಆದರೆ ಬಾಗಿಲಿನ ಚಿಲಕ ಗಟ್ಟಿಯಿದೆಯೇ ಎಂದು ಎರಡು ಸಲ ಎಳೆದು ನೋಡಿದಳು.

ಊರಲ್ಲಿ ಮಾತು ಹಬ್ಬಿತು. ಗೋವಿಂದನ ತಂಗಿ ಆಳುಗಳ ಕೇರಿಯಲ್ಲಿ, ಅದೂ ಸಿಮೆಂಟಿನ ಕೋಣೆಯಲ್ಲಿ ಇದ್ದಾಳಂತೆ. ಸಂಘದ ಸಮಿತಿಯ ಇಬ್ಬರು ಇದು ಅತಿಯಾಯಿತು ಎಂದರು. ಮೂರನೆಯ ದಿನ ಬೆಳಿಗ್ಗೆ ದೇವಕಿ ಬಾಗಿಲು ತೆಗೆದರೆ ಎದುರಿಗೆ ಜಟ್ಟಪ್ಪ ನಿಂತಿದ್ದ. ಹೆಗಲ ಮೇಲೆ ಕರಣೆ, ಉಳಿ, ಸುತ್ತಿಗೆ ತುಂಬಿದ ಚೀಲ. ಅವನ ಹಿಂದೆ ಸೌಮ್ಯ ಇರಲಿಲ್ಲ, ಯಾರೂ ಇರಲಿಲ್ಲ. ಅವನು ಗೋಡೆಯನ್ನು ಮೇಲಿಂದ ಕೆಳಗೆ ನೋಡಿದ, ಒಳಗೆ ಬಂದು ಮೂಲೆಯಲ್ಲಿದ್ದ ಮೂರು ಕಲ್ಲಿನ ಒಲೆ ನೋಡಿದ, ಹೊಗೆಗೆ ಕಪ್ಪಾಗತೊಡಗಿದ್ದ ಹಂಚು ನೋಡಿದ.

"ಅಕ್ಕೋರೆ," ಎಂದ. ವರ್ಷದ ಮೇಲೆ ಅವಳಿಗೇ ಆಡಿದ ಮೊದಲ ಮಾತು. "ಕಿಟ್ಕಿ ಮೂಡ್ಲಿಗೆ ಇಡ್ಲ, ಪಡುವಲಿಗೆ ಇಡ್ಲ?"

"ನಿಮಗೆ ಯಾವುದು ಸರಿ ಕಾಣ್ತದೆ ಜಟ್ಟಪ್ಪ?"

"ಪಡುವಲಿಗೆ ಗಾಳಿ ಹೊಡಿತದೆ. ಮೂಡ್ಲಿಗೆ ಇಡ್ತೆ." ಗೋಡೆಗೆ ಉಳಿ ಇಟ್ಟವನು ಬೆನ್ನು ತಿರುಗಿಸಿಕೊಂಡೇ ಹೇಳಿದ: "ಇಲ್ಲಿ ಬಂದು ಕೂರದು ನನಗೆ ಹೊಳಿತಿರ್ಲಿಲ್ಲ. ಹೊಳೆದ್ರೂ ಬತ್ತಿರ್ಲಿಲ್ಲ."

ಅಷ್ಟೇ. ಆ ವಿಷಯವನ್ನು ಅವರಿಬ್ಬರೂ ಮತ್ತೆ ಎತ್ತಲಿಲ್ಲ. ಸಂಜೆಯೊಳಗೆ ಕಿಟಕಿ ಕೂತಿತು, ಹೊಗೆ ಹೋಗಲು ದಾರಿಯಾಯಿತು. ಅವನ ಸುತ್ತಿಗೆಯ ಸದ್ದು ಕೇಳಿ ಅಕ್ಕಪಕ್ಕದ ಬಿಡಾರದ ಹೆಂಗಸರು ಬಂದು ನಿಂತು ನೋಡಿ ಹೋದರು.

ಆ ವಾರದ ಸಂತೆಯ ಮರುದಿನ ಕೆರಿಯ, ಹೊನ್ನಿ ಮತ್ತವರ ಇಬ್ಬರು ಮಕ್ಕಳು ತಲೆಯ ಮೇಲೆ ಗಂಟು ಹೊತ್ತು ಬೇಣಕ್ಕೆ ಬಂದರು. ಹೊನ್ನಿ ಬೀಗ ತೆಗೆಯಲು ಹೋಗಿ ಕೀಲಿಕೈ ತಿರುಗದೆ ಸೋತಳು. ವಾರಗಟ್ಟಲೆ ಮುಟ್ಟದ ಬೀಗ. ಜಟ್ಟಪ್ಪ ಎಣ್ಣೆ ಬಿಟ್ಟು ತೆಗೆದುಕೊಟ್ಟ. ಗೋವಿಂದ ಹೇಳಿದಂತೆಯೇ ಮಾಡಿದ. ಕೆರಿಯನಿಗೆ ತೋಟದ ಕೆಲಸ ನಿಂತಿತು. ಆಗ ಸಂಘ ಯಲ್ಲಾಪುರ ತಾಲೂಕಿನ ನಂದೊಳ್ಳಿಯಲ್ಲಿ ಹೊಸ ಮನೆಗಳನ್ನು ಶುರು ಮಾಡಿತ್ತು. ಜಟ್ಟಪ್ಪ ಕೆರಿಯನನ್ನು ಅಲ್ಲಿಗೆ ಕರೆದುಕೊಂಡು ಹೋದ. ಮರವೇರುವವನಿಗೆ ಕಲ್ಲು ಹೊರುವುದು ಒಗ್ಗಲಿಲ್ಲ. ವಾರಕ್ಕೊಮ್ಮೆ ಬಂದಾಗ ಬೆನ್ನು ಹಿಡಿದುಕೊಂಡೇ ಬರುತ್ತಿದ್ದ. ಹೊನ್ನಿ ಒಂದೊಂದು ದಿನ ದೇವಕಿಯ ಮೇಲೆ ಮುನಿಸಿಕೊಂಡು ಮಾತಾಡುತ್ತಲೇ ಇರಲಿಲ್ಲ. ಇನ್ನೂ ಮೂರು ಮನೆಯವರು ಬಂದರು, ಉಳಿದವರು ಕಾದು ನೋಡಿದರು. ತಾನು ಇವರಿಗೆ ಒಳ್ಳೆಯದು ಮಾಡಿದೆನೋ ಕೆಡುಕು ಮಾಡಿದೆನೋ ಎಂದು ದೇವಕಿಗೆ ಆ ತಿಂಗಳುಗಳಲ್ಲಿ ತಿಳಿಯುತ್ತಿರಲಿಲ್ಲ.

ಕೊನೆ ಕೊಯ್ಲಿನ ಹೊತ್ತಿಗೆ ಪರಿಸ್ಥಿತಿ ಬದಲಾಯಿತು. ಕೊನೆಗೌಡರು ಬೇಕೆಂದಾಗ ಸಿಗುವವರಲ್ಲ. ಕೊಯ್ಯದೆ ಬಿಟ್ಟರೆ ಅಡಿಕೆ ಹಣ್ಣಾಗಿ ಉದುರುತ್ತದೆ. ಮೊದಲು ಬೇರೆ ಯಜಮಾನರೊಬ್ಬರು ಬೇಣಕ್ಕೆ ಬಂದು ಕರೆದರು. ಅದು ಗೊತ್ತಾದ ಮೇಲೆ ಗೋವಿಂದನೂ ಹೇಳಿ ಕಳಿಸಿದ, ಕೆರಿಯ ದಿನಗೂಲಿಗೆ ಬರಲಿ ಎಂದು. ಕೆರಿಯ ಹೋದ. ಸಂಜೆ ತನ್ನ ಮನೆಗೆ ತಿರುಗಿ ಬಂದ. ಅದನ್ನು ನೋಡಿ ಉಳಿದವರೂ ಒಬ್ಬೊಬ್ಬರಾಗಿ ಬೀಗ ತೆಗೆದರು. ಯುಗಾದಿಯ ಹೊತ್ತಿಗೆ ಹನ್ನೆರಡು ಮನೆಗಳಲ್ಲೂ ಒಲೆ ಉರಿಯಿತು.

ಗೋವಿಂದ ಬೇಣಕ್ಕೆ ಎಂದೂ ಬರಲಿಲ್ಲ. ದೇವಕಿ ಆ ಕೋಣೆಯಲ್ಲೇ ಉಳಿದಳು, ಹಬ್ಬಕ್ಕೆ, ಅಪ್ಪ ಅಮ್ಮನ ತಿಥಿಗೆ ಮಾತ್ರ ಮನ್ಮನೆಗೆ ಹೋಗುತ್ತಿದ್ದಳು. ಅವನು "ಆರಾಮಿದ್ಯ?" ಎನ್ನುತ್ತಿದ್ದ, ಅವಳು "ಆರಾಮು" ಎನ್ನುತ್ತಿದ್ದಳು. ಊಟಕ್ಕೆ ಕೂತಾಗ ಇನ್ನಷ್ಟು ಬಡಿಸು ಎಂದು ಹೆಂಡತಿಗೆ ಅವನೇ ಹೇಳುತ್ತಿದ್ದ. ಅದಕ್ಕಿಂತ ಹೆಚ್ಚು ಇಬ್ಬರಿಗೂ ಆಗಲಿಲ್ಲ.

ಮುಂದಿನ ವರ್ಷಗಳಲ್ಲಿ ಸಂಘ ಸಿದ್ದಾಪುರ, ಸಿರಸಿ, ಯಲ್ಲಾಪುರ ಮೂರೂ ತಾಲೂಕುಗಳಲ್ಲಿ ಮನೆ ಕಟ್ಟಿತು. ೨೦೦೬ರಲ್ಲಿ ದೇವಕಿ ತನಗೆ ಲಕ್ವ ಹೊಡೆಯುವ ತನಕ ಕಾಯುವುದಿಲ್ಲ ಎಂದು ನಗುತ್ತ ಹೇಳಿ, ಸಮಿತಿಯನ್ನು ಒಪ್ಪಿಸಿ, ಕೆಲಸವನ್ನು ಸೌಮ್ಯಳ ಕೈಗೆ ಕೊಟ್ಟಳು. ಈ ಸಲ ಯಾಕೆ ಸೌಮ್ಯ ಎಂಬುದನ್ನು ಜಟ್ಟಪ್ಪನಿಗೆ ಮೊದಲೇ ಕೂರಿಸಿಕೊಂಡು ಹೇಳಿದಳು. ತಾನು ಮೆತ್ತಗಿನವಳು, ಎಲ್ಲರಿಗೂ ಹೂಂ ಎನ್ನುವವಳು, ಸಂಘ ಬೆಳೆದ ಮೇಲೆ ಇಲ್ಲ ಎನ್ನುವವರು ಬೇಕು ಎಂದಳು.

ಸೌಮ್ಯ ಮೊದಲು ಇಲ್ಲ ಎಂದದ್ದು ದೇವಕಿಯ ವಿಷಯದಲ್ಲೇ. ಬೇಣದ ಹನ್ನೆರಡು ಮನೆಯವರು ಸೇರಿ, ದೇವಕಮ್ಮನಿಗೆ ಇಲ್ಲೇ ಒಂದು ಮನೆ ಕಟ್ಟಿಕೊಡಬೇಕು ಎಂದು ಸಭೆಯಲ್ಲಿ ಕೇಳಿದರು. ಕೆರಿಯ ಎದ್ದು ನಿಂತು ಹೇಳಿದ, ಹೊನ್ನಿ ಅತ್ತಳು. ಸೌಮ್ಯಳ ಮುಖ ಕೆಂಪಾಯಿತು. ಸಂಘದಲ್ಲಿ ಸಂಬಳ ತೆಗೆದುಕೊಂಡವರಿಗೆ ಸಂಘದ ಮನೆ ಇಲ್ಲ ಎಂಬ ನಿಯಮವಿದೆ, ಅದನ್ನು ಮುರಿಯಲು ತನ್ನಿಂದಾಗದು ಎಂದಳು. ಜಟ್ಟಪ್ಪ ಸಭೆಯಿಂದ ಎದ್ದು ಹೋದವನು ಕೆಲಸಕ್ಕೆ ಬರಲಿಲ್ಲ. ದೇವಕಿ ಅವನ ಮನೆಗೆ ಹೋದಳು.

"ನಿಮಗೊಂದು ಮನೆ ಕಟ್ಟಕ್ಕೆ ನನ್ನ ಕೈಲಿ ಆಗ್ಲಿಲ್ಲ ಅಂದ್ರೆ ಎಂತಕ್ಕೆ ಈ ಕೆಲ್ಸ?" ಎಂದ ಅವನು.

"ನನಗೆ ಅಂತ ಒಂದು ಸಲ ಬಾಗಿಲು ತೆಗೆದ್ರೆ ನನ್ನ ಹಿಂದೆ ಬರೋರು ಸಾಲುಗಟ್ಟಿ ನಿಂತಾರೆ ಜಟ್ಟಪ್ಪ. ಆ ಹುಡುಗಿಗೆ ಅದು ಗೊತ್ತಿದೆ. ಆದರೂ ಅವಳು ಆವತ್ತು ಊಟ ಮಾಡಿಲ್ಲ. ನೀವು ಹೋಗಿ ಅವಳನ್ನ ಒಂದು ಸಲ ಮಾತಾಡಿಸಿ."

ಅವನು ಮೂಲೆಯಲ್ಲಿದ್ದ ಕರಣೆಯ ಚೀಲವನ್ನು ಬಾಗಿಲ ಬಳಿ ತಂದಿಟ್ಟು, "ನಾಳೆ ಹೋಗ್ತೆ" ಎಂದ. ಹೋದ.

ದೇವಕಿ ಸಂಘದ ಕೋಣೆ ಬಿಟ್ಟುಕೊಟ್ಟು ಸಿದ್ದಾಪುರ ಪೇಟೆಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಹಿಡಿದಳು. ಹೊನ್ನಿಯ ಮಕ್ಕಳು ಸಾಮಾನು ಸಾಗಿಸಿಕೊಟ್ಟರು. ಈಗಲೂ ವಾರಕ್ಕೊಮ್ಮೆ ಸೌಮ್ಯ ಕಚೇರಿ ಮುಗಿಸಿ ಅಲ್ಲಿಗೆ ಬರುತ್ತಾಳೆ. ಯಾವ ಊರಲ್ಲಿ ಯಾರು ಒಕ್ಕಲು ಬಂದಿಲ್ಲ, ಯಾವ ಯಜಮಾನರು ಏನೆಂದರು ಎಂದು ಹೇಳುತ್ತ ಕೂರುತ್ತಾಳೆ. ದೇವಕಿ ದೋಸೆ ಎರೆಯುತ್ತ ಕೇಳುತ್ತಾಳೆ. ಏನು ಮಾಡಲಿ ಎಂದು ಸೌಮ್ಯ ಕೇಳುತ್ತಾಳೆ. ದೇವಕಿ ಇನ್ನೊಂದು ದೋಸೆ ಹಾಕಿ, "ನೀನು ಏನು ಮಾಡಬೇಕು ಅಂತಿದ್ದೀಯ, ಅದನ್ನು ಹೇಳು" ಎನ್ನುತ್ತಾಳೆ.