ಕೋವಿ ಠಾಣೆಗೆ ಹೋಗುವ ದಿನಗಳು

ಚುನಾವಣೆ ಬಂತೆಂದರೆ ನಮ್ಮ ಚಿಕ್ಕಮ್ಮನಿಗೆ ಹಬ್ಬ. ಯಾರು ನಿಂತರು, ಯಾರು ಗೆದ್ದರು ಎಂಬುದು ಅವಳಿಗೆ ಬೇಕಿಲ್ಲ. ಚುನಾವಣೆ ಘೋಷಣೆಯಾದರೆ ಲೈಸೆನ್ಸಿನ ಕೋವಿಗಳನ್ನೆಲ್ಲ ಠಾಣೆಗೆ ಒಪ್ಪಿಸಬೇಕು, ಫಲಿತಾಂಶ ಬಂದ ಮೇಲಷ್ಟೇ ವಾಪಸ್ಸು. ಅಪ್ಪ ಕೋವಿಯನ್ನು ಗೋಣಿತಾಟಿನಲ್ಲಿ ಸುತ್ತಿಕೊಂಡು ಮಳವಳ್ಳಿಗೆ ಹೊರಟರೆ, ಚಿಕ್ಕಮ್ಮ ಅವತ್ತೇ ಕುಡುಗೋಲು ಹಿಡಿದು ಕಬ್ಬಿನ ಗದ್ದೆಯ ಕಡೆ ಹೋಗುತ್ತಿದ್ದಳು. ಕೋವಿ ಮನೆಯಲ್ಲಿರುವಷ್ಟು ದಿನ ಅವಳ ಓಡಾಟ ಕೊಟ್ಟಿಗೆಯವರೆಗೆ ಮಾತ್ರ. "ಯಾರಿಗಮ್ಮ ನಿನ್ನ ಓಟು?" ಎಂದು ನಾನು ಕಾಡಿಸಿದರೆ, "ಯಾರಾದ್ರೂ ಗೆಲ್ಲಲಿ ಕಣವ್ವ, ಎಲೆಕ್ಷನ್ನು ಬತ್ತಾ ಇರ್ಲಿ," ಎನ್ನುತ್ತಿದ್ದಳು.

ಚಿಕ್ಕಪ್ಪ ಹೋಗಿದ್ದು ಅದೇ ಕೋವಿಯಿಂದ. ನಾನಾಗ ಸ್ಕೂಲಿಗೆ ಹೋಗುತ್ತಿದ್ದೆ. ಹಂದಿಗಳು ಕಬ್ಬನ್ನು ಬುಡಸಮೇತ ಮಗುಚಿಹಾಕುತ್ತಿದ್ದ ವರ್ಷ ಅದು. ಮುಸ್ಸಂಜೆ ಹೊತ್ತಲ್ಲಿ ಕಬ್ಬಿನ ಗರಿ ಸರಿದಾಡಿದ್ದನ್ನು ಕೇಳಿ ಅಪ್ಪ ಗುಂಡು ಹಾರಿಸಿದರು. ಒಳಗಿದ್ದವನು ನೀರು ತಿರುಗಿಸಲು ಹೋಗಿದ್ದ ಅವರ ಸ್ವಂತ ತಮ್ಮ.

ಅಪ್ಪ ಪೊಲೀಸರಿಗೆ ಹೇಳುತ್ತೇನೆಂದು ಎದ್ದು ನಿಂತಿದ್ದರು. ತಡೆದವಳು ಚಿಕ್ಕಮ್ಮ. ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡೇ, "ಹೋದೋರು ಹೋದ್ರು. ನೀವೂ ಜೈಲಿಗೋದ್ರೆ ಈ ತಾಯಿಲ್ಲದ ಮಗೀನ ಯಾರು ನೋಡ್ತಾರೆ ಭಾವ? ಎದೆನೋವು ಅಂದ್ಬುಡಿ," ಅಂದಳು. ಆ ಮಗು ನಾನು. ಬೆಳಗಾಗುತ್ತಲೇ ಮಣ್ಣು ಮಾಡಿದರು. ಊರಿನವರಿಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದೂ ಎದೆನೋವೆಂದೇ ಒಪ್ಪಿಕೊಂಡರು, ಅದು ನಮ್ಮ ಮೇಲಿನ ಪ್ರೀತಿ. ತಕ್ಷಣ ಕೋವಿ ಒಪ್ಪಿಸಿದರೆ ಯಾಕೆ ಏನು ಎಂದು ಕೇಳುತ್ತಾರೆಂದು ಅಪ್ಪ ಅದನ್ನು ಇಟ್ಟುಕೊಂಡರು, ಆಮೇಲೆ ಅದು ಹಾಗೆಯೇ ಉಳಿಯಿತು. ಅಲ್ಲಿಂದೀಚೆಗೆ ಅವರು ಹೊಡೆದದ್ದು ಆಕಾಶಕ್ಕೆ ಮಾತ್ರ. ಆ ಸದ್ದಿಗೂ ಚಿಕ್ಕಮ್ಮ ಒಲೆಯ ಮುಂದೆ ಕಿವಿ ಮುಚ್ಚಿಕೊಳ್ಳುತ್ತಿದ್ದಳು.

ಈ ಸಲ ಚುನಾವಣೆಗೆ ಮುಂಚೆ ನಾನು ಮದ್ದೂರಿನಿಂದ ತವರಿಗೆ ಬಂದಿದ್ದೆ. ಪೇಪರಿನಲ್ಲಿ ಸುದ್ದಿಯಿತ್ತು. ಬೆಳೆ ಕಾಯಲು ಕೊಟ್ಟ ಲೈಸೆನ್ಸ್ ಕೋವಿಗಳಿಂದ ನಮ್ಮ ಕಡೆ ಒಂದೇ ಒಂದು ಅನಾಹುತವೂ ದಾಖಲಾಗಿಲ್ಲವಂತೆ, ಆದ್ದರಿಂದ ರೈತರು ಈ ಬಾರಿ ಕೋವಿ ಒಪ್ಪಿಸಬೇಕಿಲ್ಲವಂತೆ. ನಾನು ಅದನ್ನು ಗಟ್ಟಿಯಾಗಿ ಓದಿದೆ. ಅಪ್ಪನಿಗೆ ಮಳವಳ್ಳಿಗೆ ಅಲೆಯುವುದು ತಪ್ಪಿತೆಂದು ಸಮಾಧಾನವಾಯಿತು. ಅವರೆಕಾಯಿ ಸುಲಿಯುತ್ತಿದ್ದ ಚಿಕ್ಕಮ್ಮನ ಕೈ ಮಾತ್ರ ನಿಂತಿತು.

"ಒಂದೂ ಇಲ್ವಂತಾ?"

"ಇಲ್ಲವಂತೆ."

"ಅಂಗಾರೆ ನಿಮ್ ಚಿಕ್ಕಪ್ಪ ಯಾವ ಲೆಕ್ಕದಲ್ಲವ್ರೆ?"

ನನಗೆ ಸಿಟ್ಟು ಬಂತು. ಆದರೆ ಬೈಯುವುದು ಯಾರನ್ನು? ಸರ್ಕಾರದ ಅಂಕಿಅಂಶವೆಂದರೆ ಮೂಗು ಮುರಿಯುವವಳು ನಾನು. ಈ ಸೊನ್ನೆಯನ್ನು ಯಾವ ಆಫೀಸಿನವನೂ ತಿದ್ದಿರಲಿಲ್ಲ, ನಾವೇ ನಮ್ಮ ಕೈಯಾರೆ ಬರೆಸಿದ್ದೆವು. ಊರೂರಿನಲ್ಲೂ ಹೀಗೆ ಎಷ್ಟು ಮನೆಯವರು ಎದೆನೋವೆಂದು ಹೇಳಿದ್ದಾರೋ ಯಾರಿಗೆ ಗೊತ್ತು. ಅಂಥ ಲೆಕ್ಕವನ್ನು ಈಗ ಎಲ್ಲಿ ಓದಿದರೂ ನನಗೆ ಸಂಕಟವಾಗುತ್ತದೆ.

ಸಂಜೆ ಅಪ್ಪನ ತಟ್ಟೆಗೆ ಮುದ್ದೆ ಇಡುತ್ತಾ ಚಿಕ್ಕಮ್ಮ ಹೇಳಿದಳು, "ಎಲೆಕ್ಷನ್ ಬಂದಾಗ್ಲಾದ್ರೂ ಅದು ಮನೆಯಿಂದಾಚೆ ಓಯ್ತದಲ್ಲ ಅಂತ ಕಾಯ್ತಿದ್ದೆ ಭಾವ. ಈಗ ಅದೂ ಇಲ್ಲ."

ಅಪ್ಪ ಮುರಿದ ತುತ್ತನ್ನು ಹಾಗೆಯೇ ಬಿಟ್ಟರು. "ಇಷ್ಟು ವರ್ಸ ಯಾಕವ್ವ ಏಳ್ನಿಲ್ಲ?"

"ಎದೆನೋವು ಅಂದೋಳು ನಾನೇ ಅಲ್ವಾ. ಆಮೇಲೆ ಯಾವ ಬಾಯಲ್ಲಿ ಏಳಾನ?"

ಮಾರನೆಯ ದಿನ ಬೆಳಿಗ್ಗೆ ಅಪ್ಪ ಕೋವಿ ಸುತ್ತಿಕೊಂಡು ಆಟೋ ಹತ್ತಿದರು, ಜೊತೆಗೆ ನಾನೂ ಹೋದೆ. ಈ ಸಲ ಕೊಡಬೇಕಾಗಿಲ್ಲವಲ್ಲ ಯಜಮಾನರೇ ಎಂದು ಠಾಣೆಯವರು ನಕ್ಕರು. ವಾಪಸ್ಸು ಬೇಡ, ಲೈಸೆನ್ಸೂ ಬೇಡ ಅಂದರು ಅಪ್ಪ. ಕಾರಣ ಏನೆಂದು ಬರೆದುಕೊಳ್ಳೋಣ ಎಂದು ಠಾಣೆಯವರು ಕೇಳಿದರು. ಅಪ್ಪ ಬಾಯಿ ತೆರೆದರು. ಹೇಳಿಯೇಬಿಡುತ್ತಾರೆ ಅನ್ನಿಸಿತು. ಹೇಳಲಿ ಎಂದೂ ಇತ್ತು, ಬೇಡವೆಂದೂ ಇತ್ತು.

"ವಯಸ್ಸಾಯ್ತು ಸ್ವಾಮಿ. ಕೈ ನಡುಗ್ತದೆ," ಅಂದರು. ಠಾಣೆಯವರು ಅದನ್ನೇ ಬರೆದುಕೊಂಡರು.

ಮನೆಗೆ ಬಂದಾಗ ಚಿಕ್ಕಮ್ಮ ಬಾಗಿಲಲ್ಲೇ ನಿಂತಿದ್ದಳು. ಅಪ್ಪನ ಬರಿಗೈ ನೋಡಿದಳು.

"ಏನಂತ ಬರ್ಸುದ್ರಿ ಭಾವ?"

ಅಪ್ಪ ಜಗುಲಿಯ ಮೇಲೆ ಕುಳಿತು ತಲೆ ತಗ್ಗಿಸಿದರು. "ವಯಸ್ಸಾಯ್ತು ಅಂತ ಕಣವ್ವ."

"ನಿಮ್ ತಮ್ಮಂಗೆ ವಯಸ್ಸೇ ಆಗ್ನಿಲ್ಲ," ಅಂದು ಚಿಕ್ಕಮ್ಮ ಕುಡುಗೋಲು ತೆಗೆದುಕೊಂಡು ಕಬ್ಬಿನ ಗದ್ದೆಯ ಕಡೆ ನಡೆದಳು.